ಬಿಸಿಲಿಗೆ ಮರಳಿ ಬಂದ ಹೊಲಿಗೆ ಯಂತ್ರ

…ಹಾಗಾಗಿ, ಆ ಮಾತನ್ನು ನಿನ್ನೆ ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಎತ್ತಿಕೊಳ್ಳುತ್ತೇನೆ. ನಿನ್ನೆ ಗಂಟೆ ಬಾರಿಸಿ ನನ್ನನ್ನು ಕೂರಿಸಿದರು. ಬಾರಿಸಿದವರ ಮೇಲೆ ನನಗೆ ಬೇಸರವಿಲ್ಲ. ಊಟದ ಹೊತ್ತಾಗಿತ್ತು, ಹಸಿದ ಸಭೆಗೆ ಯಾವ ಜ್ಞಾನವೂ ಇಳಿಯುವುದಿಲ್ಲ. ಆದರೆ ಅರ್ಧಕ್ಕೆ ನಿಂತ ಭಾಷಣ ಗಂಟಲಲ್ಲಿ ಅಡ್ಡ ನಿಂತ ಮಾತ್ರೆಯ ಹಾಗೆ, ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಇವತ್ತು ಸಮಾರೋಪದಲ್ಲಿ ಮತ್ತೆ ಅವಕಾಶ ಕೊಟ್ಟಿದ್ದೀರಿ. ಸಂತೋಷ.

ಮಾನ್ಯ ಅಧ್ಯಕ್ಷರೇ, ಈ ನೇಯ್ಗೆ ತರಬೇತಿ ಸಂಸ್ಥೆಯ ಪ್ರಾಂಶುಪಾಲರೇ, ವೇದಿಕೆಯ ಮೇಲಿನ ಹಿರಿಯರೇ, ಇಂದಿನ ಸನ್ಮಾನಿತರೂ ನನ್ನ ಬಹುಕಾಲದ ಸ್ನೇಹಿತರೂ ಆದ ಇಂಜಿನಿಯರ್ ಸಾಹೇಬರೇ, ಹಿಂದಿನ ಸಾಲಿನಲ್ಲಿ ಆಗಲೇ ಚಪ್ಪಲಿ ಹುಡುಕುತ್ತಿರುವ ವಿದ್ಯಾರ್ಥಿಗಳೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ನನಗೆ ಕೊಟ್ಟಿರುವ ವಿಷಯ, ಮನುಷ್ಯನಿಗೆ ಒಂದು ಸಂಗತಿ ತಟ್ಟನೆ ಹೊಳೆಯುವುದು ಎಂದರೇನು? ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಬ್ಬರಿದ್ದರು. ಇದರ ಮೇಲೆಯೇ ಒಂದು ವಾಕ್ಯ ಬರೆಸಿದ್ದರು. 'ಇನ್‌ಸೈಟ್ ಈಸ್ ನಥಿಂಗ್ ಬಟ್…' ಮುಂದಿನದು ಮರೆತುಹೋಗಿದೆ. ಪರೀಕ್ಷೆಯಲ್ಲೂ ಮರೆತಿತ್ತು. ನಥಿಂಗ್ ಬಟ್ ಎಂದು ಬರೆದು ಒಂದು ಗೆರೆ ಎಳೆದು ಬಂದಿದ್ದೆ. ಮೇಷ್ಟ್ರು ಅರ್ಧ ಮಾರ್ಕು ಕೊಟ್ಟಿದ್ದರು, ಗೆರೆ ನೇರವಾಗಿತ್ತು ಅಂತ ಕಾಣುತ್ತದೆ.

ಅಧ್ಯಕ್ಷರು ನನ್ನ ಕೈಯಲ್ಲಿರುವ ಈ ಪೆಟ್ಟಿಗೆಯನ್ನು ನೋಡುತ್ತಿದ್ದಾರೆ. ಕೊಡುತ್ತೇನೆ ಸ್ವಾಮಿ, ಕೊಡುತ್ತೇನೆ. ಇದರೊಳಗೆ ಹಿತ್ತಾಳೆಯ ಲಾಳಿ ಇದೆ. ಮಗ್ಗದಲ್ಲಿ ಅಡ್ಡನೂಲನ್ನು ಹೊತ್ತು ಅತ್ತಿಂದಿತ್ತ ಓಡುವ ಲಾಳಿ, ಇದು ಓಡದ್ದು, ಕಪಾಟಿನಲ್ಲಿ ಕೂರುವಂಥದ್ದು. ಇದನ್ನು ನನ್ನ ಕೈಯಿಂದ ಸನ್ಮಾನಿತರಿಗೆ ಕೊಡಿಸಬೇಕೆಂದು ಕಾರ್ಯಕ್ರಮ. ನನ್ನನ್ನೇ ಯಾಕೆ ಆರಿಸಿದರು? ಒಂದೇ ಮಿಲ್ಲು, ಒಂದೇ ವರ್ಷ ಸೇರಿದವರು, ಇವರು ಇಂಜಿನಿಯರು, ನಾನು ಪಾಳಿಯ ಮೇಲ್ವಿಚಾರಕ, ಇಬ್ಬರೂ ಒಂದೇ ಸಮಸ್ಯೆಗೆ ತಲೆ ಚಚ್ಚಿಕೊಂಡವರು. ಒಬ್ಬನಿಗೆ ಹೊಳೆಯಿತು. ಇನ್ನೊಬ್ಬ ಪೆಟ್ಟಿಗೆ ಹಿಡಿದು ನಿಂತಿದ್ದಾನೆ. ನನಗೆ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಕಥೆ ಗೊತ್ತಿಲ್ಲದ ಮಕ್ಕಳಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ನಮ್ಮ ಎರಡನೇ ಶೆಡ್ಡಿನಲ್ಲಿ ಮಧ್ಯಾಹ್ನವಾದ ಮೇಲೆ ನೂಲು ಹರಿಯುತ್ತಿತ್ತು. ಹರಿಯುವುದು ದೊಡ್ಡದಲ್ಲ. ಹರಿಯುತ್ತದೆ, ಗಂಟು ಹಾಕುತ್ತಾರೆ, ಮತ್ತೆ ಮಗ್ಗ ಓಡುತ್ತದೆ. ಆದರೆ ಈ ರೋಗ ನಡೆಯುತ್ತಿತ್ತು! ಬಾಗಿಲ ಬಳಿಯ ಮಗ್ಗದಲ್ಲಿ ಶುರುವಾಗಿ, ಅಲ್ಲಿ ಸರಿಹೋಗುವಷ್ಟರಲ್ಲಿ ಪಕ್ಕದ ಮಗ್ಗಕ್ಕೆ, ಅಲ್ಲಿಂದ ಅದರಾಚೆಯದಕ್ಕೆ. ನೇಯುವ ಹೆಂಗಸರು ಅದಕ್ಕೆ ಅತಿಥಿ ಎಂದು ಹೆಸರಿಟ್ಟಿದ್ದರು. 'ಸಾರ್, ಅತಿಥಿ ಬಂದ್ರು ನೋಡಿ, ಕುರ್ಚಿ ಹಾಕ್ಸಿ' ಎಂದು ನನ್ನನ್ನು ಕೂಗುತ್ತಿದ್ದರು. ನೂಲು ಬದಲಿಸಿದೆವು. ಮಗ್ಗ ಬಿಚ್ಚಿ ಜೋಡಿಸಿದೆವು. ಗಾಳಿಯ ತೇವ ಅಳೆಯುವ ಮಾಪಕ ಗೋಡೆಯ ಮೇಲಿತ್ತು, ಅದು ಎಲ್ಲವೂ ಸರಿಯಿದೆ ಎಂದು ತೋರಿಸುತ್ತಿತ್ತು. ಕೊನೆಗೆ ಕಾರಣ ಏನು? ಚಾವಣಿಯ ಗಾಜಿಗೆ ಬಳಿದ ಬಣ್ಣ ಒಂದು ಕಡೆ ಚಕ್ಕೆ ಎದ್ದಿತ್ತು. ಅಲ್ಲಿಂದ ಬಿಸಿಲಿನ ಒಂದು ತುಂಡು ಕೆಳಗಿಳಿದು, ಹೊತ್ತು ಸರಿದ ಹಾಗೆ ಮಗ್ಗದಿಂದ ಮಗ್ಗಕ್ಕೆ ಸರಿಯುತ್ತ, ಬಿಗಿದು ನಿಂತ ನೂಲನ್ನು ಒಣಗಿಸುತ್ತಿತ್ತು. ಅಷ್ಟೇ. ಆ ಬಿಸಿಲಿನಲ್ಲೇ ನಿಂತು ನಾನು ಯೋಚಿಸುತ್ತಿದ್ದೆ, ಸ್ವಾಮಿ. ತಲೆ ಕಾಯುತ್ತಿದೆ ಎಂದು ಜಾಗ ಬದಲಿಸಿಕೊಂಡು ಯೋಚನೆ ಮುಂದುವರಿಸುತ್ತಿದ್ದೆ.

ಇವರು ಅದನ್ನು ಕಂಡುಹಿಡಿದ ದಿನ ನಾನು ಮಿಲ್ಲಿನಲ್ಲೇ ಇರಲಿಲ್ಲ. ನನ್ನ ಹಣೆಬರಹ ನೋಡಿ, ಆ ವಾರವಿಡೀ ಜ್ವರ. ಎದ್ದು ಹೋಗುವಷ್ಟರಲ್ಲಿ ಗಾಜಿಗೆ ಹೊಸ ಬಣ್ಣ, ಇವರಿಗೆ ಹೊಸ ಹುದ್ದೆ. 'ಹೇಗೆ ಹೊಳೀತಯ್ಯಾ?' ಎಂದು ಕೇಳಿದೆ. 'ಟೀ ಕುಡೀತಾ ಕೂತಿದ್ದೆ, ಹೊಳೀತು ಕಣೋ' ಎಂದರು. ಇಷ್ಟು ವರ್ಷ ಅದೊಂದೇ ಉತ್ತರ. ಅಂದಿನಿಂದ ನಾನೂ ಎಷ್ಟು ಟೀ ಕುಡಿದೆ! ಏನೂ ಹೊಳೆಯಲಿಲ್ಲ, ನಿದ್ದೆ ಕೆಟ್ಟಿತು.

ಇರಲಿ. ಈಗ ನಿನ್ನೆಗೆ ಬರೋಣ. ನಿನ್ನೆ ಬೆಳಿಗ್ಗೆ ಇದೇ ಮೈಕಿನ ಮುಂದೆ ಸನ್ಮಾನಿತರು ಮೊದಲ ಸಲ ಪೂರ್ತಿ ಸಂಗತಿ ಹೇಳಿದರು. ಒಬ್ಬರ ಮನೆಗೆ ಹೋಗಿದ್ದರಂತೆ. ಮಧ್ಯಾಹ್ನ. ಆ ಮನೆಯ ಹೆಂಗಸು ಕಿಟಕಿಯ ಬಳಿ, ಬಿಸಿಲಿನಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂತು ಬಟ್ಟೆ ಹೊಲಿಯುತ್ತಿದ್ದರಂತೆ. ದಾರ ಹರಿಯಿತು, ಮತ್ತೆ ಪೋಣಿಸಿದರು, ಮತ್ತೆ ಹರಿಯಿತು. ಆಕೆ ಎದ್ದು ಯಂತ್ರವನ್ನು ನೆರಳಿಗೆ ಎಳೆದುಕೊಂಡರು. ದಾರ ಹರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯೇ ಮತ್ತೆ ಎದ್ದು ಯಂತ್ರವನ್ನು ವಾಪಸ್ಸು ಬಿಸಿಲಿಗೇ ಎಳೆದು ತಂದರು. ದಾರ ಮತ್ತೆ ಹರಿಯತೊಡಗಿತು. ಆಗ ಇವರ ಕೈಯಲ್ಲಿದ್ದ ಟೀ ಹಾಗೇ ನಿಂತಿತಂತೆ. ಇವರು ನಿನ್ನೆ ಹೇಳಿದ ಮಾತನ್ನು ಹಾಗೆಯೇ ಒಪ್ಪಿಸುತ್ತೇನೆ: 'ಆಕೆ ನೆರಳಲ್ಲೇ ಉಳಿದಿದ್ದರೆ ನನಗೆ ಏನೂ ಹೊಳೆಯುತ್ತಿರಲಿಲ್ಲ. ಮರಳಿ ಬಿಸಿಲಿಗೆ ತಂದದ್ದರಿಂದಲೇ ಖಾತ್ರಿಯಾಯಿತು. ಯಾಕೆ ತಂದರು ಎಂಬುದು ಮಾತ್ರ ಇವತ್ತಿಗೂ ಅರ್ಥವಾಗಿಲ್ಲ.' ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಆಮೇಲೆ ಇವರು ಇನ್ನೊಂದು ಮಾತು ಸೇರಿಸಿದರು. ಆ ಯಂತ್ರದ ಒಂದು ಕಾಲು ಗಿಡ್ಡವಿತ್ತಂತೆ, ಹಸಿರು ರಟ್ಟು ಮಡಚಿ ಕೆಳಗಿಟ್ಟಿದ್ದರಂತೆ, ಎಳೆದಾಗಲೆಲ್ಲ ಆಕೆ ಬಗ್ಗಿ ಅದನ್ನು ಸರಿಮಾಡುತ್ತಿದ್ದರಂತೆ.

ನನ್ನ ಚಪ್ಪಾಳೆ ಅಲ್ಲಿಗೇ ನಿಂತಿತು.

ಸಭಿಕರೇ, ಆ ಹಸಿರು ರಟ್ಟನ್ನು ಮಡಚಿದವನು ನಾನು. ನೂಲಿನ ಡಬ್ಬದ ಮುಚ್ಚಳದ್ದು. 'ಏನ್ರೀ, ಮಿಷನ್ನು ಕುಂಟ್ತಾ ಇದೆ, ನಿಮ್ ಮಿಲ್ಲಲ್ಲಿ ಅಷ್ಟೊಂದು ಇಂಜಿನಿಯರುಗಳಿದಾರೆ, ಒಬ್ರನ್ನಾದ್ರೂ ಕರ್ಕೊಂಡ್ ಬನ್ನಿ' ಎಂದು ನನ್ನವಳು ಚುಚ್ಚಿದ್ದಕ್ಕೆ ಮಡಚಿದ್ದು. ಒಬ್ಬರ ಮನೆಯಂತೆ! ಒಬ್ಬ ಹೆಂಗಸಂತೆ!

ಅಧ್ಯಕ್ಷರೇ, ನಾನು ವಿಷಯದಲ್ಲೇ ಇದ್ದೇನೆ. ಒಳನೋಟದ ಬಗ್ಗೆಯೇ ಮಾತಾಡುತ್ತಿದ್ದೇನೆ.

ನನ್ನ ಹೆಂಡತಿ ತೀರಿಹೋಗಿ ಮೂರು ವರ್ಷವಾಯಿತು. ಒಳ್ಳೆಯವಳು. ನನ್ನ ಸ್ನೇಹಿತರನ್ನೆಲ್ಲ ಅಣ್ಣಾ ಎನ್ನುತ್ತಿದ್ದಳು. 'ಬನ್ನಿ ಅಣ್ಣಾ, ಕೂತ್ಕೊಳ್ಳಿ ಅಣ್ಣಾ.' ಇವರನ್ನು ಮಾತ್ರ ಅಣ್ಣಾ ಎನ್ನುತ್ತಿರಲಿಲ್ಲ. 'ನೋಡಿ' ಎನ್ನುತ್ತಿದ್ದಳು. 'ನೋಡಿ, ಟೀ ಆರೋಗುತ್ತೆ.' 'ನೋಡಿ, ನಿಮ್ ಛತ್ರಿ ಮರೀಬೇಡಿ.' ನಮ್ಮ ಮನೆಯಲ್ಲಿ ಹಿಡಿ ಇದ್ದ ಕಪ್ಪು ಒಂದೇ ಉಳಿದಿತ್ತು. ಇವರು ಬಂದರೆ ಅದು ಇವರಿಗೆ, ಹಿಡಿ ಮುರಿದದ್ದು ನನಗೆ. ಕೇಳಿದರೆ, 'ನಿಮಗೆ ಅಭ್ಯಾಸ ಇದೆಯಲ್ರೀ, ಪಾಪ ಅವರ ಕೈ ಸುಡುತ್ತೆ' ಎನ್ನುತ್ತಿದ್ದಳು. ನನ್ನ ಕೈ ಸುಡುವುದಿಲ್ಲವೇ? ನಾನೇನು ಇಕ್ಕಳವೇ?

ನಗಿ, ನಗಿ. ನಾನೂ ನಕ್ಕವನೇ. ಆದರೆ ನಿನ್ನೆ ಮನೆಗೆ ಹೋದ ಮೇಲೆ ನಗು ಬರಲಿಲ್ಲ. ಮಧ್ಯಾಹ್ನ ಎಂದರೆ ನಾನು ಶೆಡ್ಡಿನಲ್ಲಿರುತ್ತಿದ್ದ ಹೊತ್ತು. ಆ ಹೊತ್ತಿಗೆ ಇವರು ನನ್ನ ಮನೆಯಲ್ಲಿ, ಹಿಡಿ ಇದ್ದ ಕಪ್ಪು ಹಿಡಿದು, ಕಿಟಕಿಯ ಬಳಿಯ ಕುರ್ಚಿಯಲ್ಲಿ. ನಮ್ಮ ಮನೆಯಲ್ಲಿ ಕುರ್ಚಿ ಇದ್ದದ್ದು ಅಲ್ಲೊಂದೇ. ಯಂತ್ರ ನೆರಳಿಗೆ ಹೋಯಿತು, ಸರಿ. ಮತ್ತೆ ಕಿಟಕಿಯ ಬಳಿ ಯಾಕೆ ಬಂತು? ಯಾರ ಪಕ್ಕ ಕೂರಲು ಬಂತು? ಇಂಜಿನಿಯರಿಗೆ ಅರ್ಥವಾಗಲಿಲ್ಲವಂತೆ. ಮೇಲ್ವಿಚಾರಕನಿಗೆ ಅರ್ಥವಾಗದೇ ಇರುತ್ತದೆಯೇ?

ಕೈ ಎತ್ತಬೇಡಿ ಸಾಹೇಬರೇ. ಕೂತ್ಕೊಳ್ಳಿ. ನಿನ್ನೆ ನೀವು ಮಾತಾಡಿದಾಗ ನಾನು ಕೈ ಎತ್ತಿದೆನೇ? ನಿನ್ನೆ ಊಟಕ್ಕೆ ಎದುರಿಗೇ ಕೂತಿದ್ದಿರಿ, ಆಗಲೂ ನಾನು ಉಪ್ಪು ಕೊಡಿ ಎಂದೆನೇ ಹೊರತು ಇನ್ನೊಂದು ಮಾತು ಕೇಳಲಿಲ್ಲ. ಹುದ್ದೆ ನಿನ್ನದಾಯಿತು. ಹೆಸರು ನಿನ್ನದಾಯಿತು. ಈ ಲಾಳಿಯೂ ನಿನ್ನದೇ. ಅದೆಲ್ಲ ಇರಲಿ ಕಣಯ್ಯಾ. ನನಗೆ ಉಳಿದಿರುವುದು ನೆನಪು ಮಾತ್ರ, ಅದರಲ್ಲೂ ಒಂದು ಮಧ್ಯಾಹ್ನವನ್ನು ನೀನು ಇಟ್ಟುಕೊಂಡುಬಿಟ್ಟೆ. ಯಾರನ್ನು ಕೇಳಲಿ? ಅವಳಿಲ್ಲ. ಅವಳು ಯಂತ್ರವನ್ನು ಯಾಕೆ ಎಳೆದಳು ಎಂದು ಹೇಳಬಲ್ಲವಳು ಅವಳೊಬ್ಬಳೇ ಇದ್ದಳು.

ಕ್ಷಮಿಸಿ. ಬಿಸಿಲು ನೇರವಾಗಿ ಕಣ್ಣಿಗೆ ಬೀಳುತ್ತಿದೆ, ಕಾಗದ ಕಾಣುತ್ತಿಲ್ಲ. ಈ ಮೈಕನ್ನು ಸ್ವಲ್ಪ ಈ ಕಡೆಗೆ ಎಳೆದುಕೊಳ್ಳುತ್ತೇನೆ. ಬೇಡ, ಯಾರೂ ಬರಬೇಡಿ, ನಾನೇ…

ಅಬ್ಬಾ, ಏನು ಸದ್ದು! ಕಬ್ಬಿಣದ ಕಾಲು ನೆಲಕ್ಕೆ ಉಜ್ಜಿದರೆ ಹಲ್ಲಿನ ಬೇರಿಗೇ ಹೋಗುತ್ತದೆ ನೋಡಿ. ಹೀಗೇ ಕಿರ್ರೆನ್ನುತ್ತಿತ್ತು. ಹೀಗೇ ಹಲ್ಲು ಕಚ್ಚಿ ನಾನು ಬೈದಿದ್ದೆ, 'ಸತ್ತೋಗ್ತಾ ಇದೀನಿ ಇಲ್ಲಿ, ಆ ಮಿಷನ್ನು ಒಂದ್ಕಡೆ ಇಡೋಕಾಗಲ್ವೇನೇ?' ಎಂದು. ಅವಳು, 'ಇಡ್ತೀನಿ, ಮಲ್ಕೊಳ್ಳಿ ಸುಮ್ನೆ' ಎಂದು…

ಒಂದು ನಿಮಿಷ.

ಒಂದು ನಿಮಿಷ ಸುಮ್ಮನಿರಿ, ದಯವಿಟ್ಟು.

ನಾನು ಮಲಗಿದ್ದೆ. ಆ ವಾರ ಜ್ವರ. ನಾನೇ ಈಗ ಹೇಳಿದೆನಲ್ಲ, ಈ ಬಾಯಿಂದಲೇ. ಡಾಕ್ಟರು ಗಾಳಿ ಆಡಬೇಕು ಎಂದಿದ್ದರು, ಮಂಚವನ್ನು ಕಿಟಕಿಯ ಕೆಳಗೆ ಹಾಕಿದ್ದಳು. ಯಾರೋ ನೋಡಲು ಬಂದಿದ್ದರು, ಟೀ ಕಪ್ಪು ಕೆಳಗಿಟ್ಟ ಸದ್ದು, ಅವಳು 'ನೋಡಿ, ಈಗ ತಾನೇ ಕಣ್ಣು ಮುಚ್ಚಿದಾರೆ' ಎಂದಳು. ಏನಯ್ಯಾ, ನೀನು ನನ್ನನ್ನು ನೋಡಲು ಬಂದಿದ್ದೆಯಾ? ಹೌದೆಂದು ತಲೆ ಆಡಿಸುತ್ತಿದ್ದಾನೆ. ಇದನ್ನೇ ಹೇಳಲು ಕೈ ಎತ್ತಿದ್ದೆಯಾ? ಹಾಳಾದವನೇ, ಇನ್ನೂ ಸ್ವಲ್ಪ ಎತ್ತರಕ್ಕೆ ಎತ್ತಬಾರದಿತ್ತೇ!

ಸಭಿಕರೇ, ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರದ ಜಾಗ ಕಿಟಕಿಯ ಬಳಿ ಅಲ್ಲವೇ ಅಲ್ಲ. ಒಳಗಿನ ಗೋಡೆಯ ಪಕ್ಕ, ತಂಪಿನಲ್ಲಿ. ನಾವು ಆ ಮನೆಯಲ್ಲಿ ಇದ್ದಷ್ಟು ದಿನವೂ ಅಲ್ಲೇ. ಆ ಒಂದು ವಾರ ಮಾತ್ರ ಅದು ಕಿಟಕಿಗೆ ಬಂದಿತ್ತು, ಮಂಚ ಅಲ್ಲಿತ್ತು ಎಂದು. ಕಾಲಲ್ಲಿ ತುಳಿಯುವ ಯಂತ್ರ, ಎರಡು ಕೈಯೂ ಬಟ್ಟೆಯ ಮೇಲೆ. ಒಂದು ಹೊಲಿಗೆ ಮುಗಿದರೆ ಕೈ ಚಾಚಿ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಎಣ್ಣೆಯ ವಾಸನೆಯ ಬೆರಳು. ನನಗೆ ಅದು ನೆನಪಿದೆ. ಯಾವಾಗಿನದು, ಎಲ್ಲಿಯದು ಎಂದು ಇಷ್ಟು ದಿನ ತಿಳಿದಿರಲಿಲ್ಲ, ಬೆರಳು ಮಾತ್ರ ನೆನಪಿತ್ತು. ದಾರ ಹರಿಯುತ್ತದೆಂದು ನೆರಳಿಗೆ ಎಳೆದುಕೊಂಡಳು, ಅಲ್ಲಿಂದ ಕೈ ಎಟುಕಲಿಲ್ಲ. ವಾಪಸ್ಸು ಬಂದಳು. ದಾರ ಹರಿದರೆ ಹರಿಯಲಿ ಎಂದು ಬಂದಳು.

ಇಂಜಿನಿಯರೇ, ನೀನು ಬಿಸಿಲು ನೋಡಿದೆ, ದಾರ ನೋಡಿದೆ. ಮಂಚ ನಿನ್ನ ಲೆಕ್ಕಕ್ಕೆ ಬರಲಿಲ್ಲ. ನನ್ನ ಲೆಕ್ಕಕ್ಕೂ ಬರಲಿಲ್ಲ ಬಿಡು, ನಾನು ಅದರ ಮೇಲೆಯೇ ಇದ್ದೆ.

ಹೊಳೆಯುವುದು ಎಂದರೇನು ಎಂದು ಕೇಳಿದಿರಿ. ನನ್ನಂಥವನನ್ನು ಕೇಳಿದರೆ ಏನು ಹೇಳಲಿ? ಜ್ವರ ನನ್ನ ಹತ್ತಿರವೇ ಇತ್ತು. ಯಂತ್ರ ಒಳಗಿನ ಗೋಡೆಯ ಬಳಿ ಇರುತ್ತದೆಂಬುದು ನನಗೇ ಗೊತ್ತಿತ್ತು. ಬೆರಳೂ ನನ್ನ ಹಣೆಯ ಮೇಲೇ ಇತ್ತು. ನಿನ್ನೆಯಿಂದ ಎಲ್ಲವನ್ನೂ ಕಿಸೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ, ಬೀಗದಕೈಯನ್ನು ಕೈಯಲ್ಲೇ ಹಿಡಿದು ಮನೆಯೆಲ್ಲ ಹುಡುಕುವವನ ಹಾಗೆ. ನಡುವೆ ಹೊಟ್ಟೆಕಿಚ್ಚು ಕೂತಿತ್ತು. ಇದೆ ಎಂದು ಈಗ ಹೇಳುತ್ತೇನೆ, ಇತ್ತು, ಇದೆ. ಇನ್‌ಸೈಟ್ ಈಸ್ ನಥಿಂಗ್ ಬಟ್… ಇಲ್ಲ, ಈಗಲೂ ನೆನಪಾಗುತ್ತಿಲ್ಲ. ಮೇಷ್ಟ್ರು ಏನಾದರೂ ಬರೆಸಿರಲಿ, ಹೊಲಿಗೆ ಯಂತ್ರ ಎಂದಂತೂ ಬರೆಸಿರಲಿಲ್ಲ.

ತಗೊಳ್ಳಯ್ಯಾ. ತಗೊಳ್ಳಿ, ಸನ್ಮಾನಿತರೇ. ಎರಡೂ ಕೈ ಚಾಚಿ, ಭಾರವಿದೆ. ನೂಲು ಯಾಕೆ ಹರಿಯಿತು ಎಂದು ಕಂಡುಕೊಂಡವನಿಗೆ ಈ ಲಾಳಿ. ನನಗೆ ಬೇಡ, ಮನಸ್ಸಿನಿಂದ ಹೇಳುತ್ತಿದ್ದೇನೆ. ಆದರೆ ನಿನ್ನೆ ಅರ್ಥವಾಗಲಿಲ್ಲ ಎಂದೆಯಲ್ಲ, ಅದು ಹೊಳೆದದ್ದು ನನಗೆ. ನಿನಗಿಂತ ಮೊದಲು. ಅದನ್ನು ನಿನ್ನ ಮುಂದಿನ ಭಾಷಣಗಳಲ್ಲಿ ಹೇಳಿಕೊಂಡು ತಿರುಗಬೇಡ, ಅದು ನನ್ನದು. ಹೇಳಲೇಬೇಕೆಂದರೆ ಒಬ್ಬರ ಮನೆ ಎನ್ನಬೇಡ. ಇವನ ಮನೆ ಎನ್ನು. ಇವನ ಹೆಂಡತಿ ಎನ್ನು.

ಇನ್ನೂ ಎರಡು ಪುಟ ಬರೆದುಕೊಂಡು ಬಂದಿದ್ದೆ. ವಿದ್ಯಾರ್ಥಿಗಳಿಗೆ ಕೆಲವು ಕಿವಿಮಾತುಗಳಿದ್ದವು, ಚೆನ್ನಾಗಿಯೂ ಇದ್ದವು. ಆದರೆ ಅಕ್ಷರ ಕಾಣುತ್ತಿಲ್ಲ. ಆಗಲೇ ಮೇಜಿನ ಮೇಲಿದ್ದ ಬಿಸಿಲು ನೋಡಿ, ಎದುರು ಗೋಡೆಗೆ ಹತ್ತಿ, ಗಡಿಯಾರ ದಾಟಿ, ಚಾವಣಿಯ ಮೂಲೆಗೆ ಹೋಗಿಬಿಟ್ಟಿದೆ. ಬೆಳಕು ಹೋಗುತ್ತಿದೆ. ಬೇಡಪ್ಪಾ, ಆ ಸ್ವಿಚ್ಚು ಹಾಕಬೇಡ, ಒಂದು ಕ್ಷಣ ಹೀಗೇ ಇರಲಿ.

ಒಬ್ಬ ಮುದುಕನ ಮನೆಯ ಮಾತನ್ನು ಎರಡು ದಿನ ಕೂತು ಕೇಳಿದ್ದೀರಿ. ಈ ಮೈಕು ಎಳೆಯುವಾಗ ಯಾರೂ ಬಂದು ನೆರವಾಗದೆ ಇದ್ದಿರಲ್ಲ, ಅದಕ್ಕೂ ನಿಮಗೆ ಋಣಿ. ಎಲ್ಲರಿಗೂ, ಇಲ್ಲಿರುವವರಿಗೂ ಇಲ್ಲಿ ಇಲ್ಲದವಳಿಗೂ, ನಮಸ್ಕಾರ.