ಹಾರದ ಹೊರಗೆ

ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕೆಂಪು ಶಾಲು ಹೊದ್ದ ಇಬ್ಬರು, ಒಬ್ಬ ವಯಸ್ಸಾದವರು, ಒಬ್ಬ ಹೆಂಗಸು. ವಯಸ್ಸಾದವರು ಪೇಪರು ಬಿಡಿಸಿ ಆ ಹೆಂಗಸಿಗೆ ತೋರಿಸಿದರು.

“ಪ್ರಮಿಳಾ, ನಿನ್ನಿ ಮೈತ್ರಿ ಸಭಾದ ಫೋಟೋ ನೋಡು. ದೊಡ್ಡ ಪಕ್ಷದ ಕ್ಯಾಂಡಿಡೇಟ್ ಜೋಡಿ ಒಂದ ಹಾರದಾಗ ಆ ಸಣ್ಣ ಪಕ್ಷದ ಶ್ರೀಪಾಲ ನಿಂತಾನ.”

“ಶ್ರೀಪಾಲ ಅವರದೂ ನಮ್ಮಂಗ ಕೆಂಪು ಬಾವುಟಾನ ಅಲ್ರಿ, ಕಲ್ಮೇಶಣ್ಣ?”

“ಅದಕ್ಕ ಹೊಟ್ಟಿ ಉರೀತೈತಿ. ಅವನ ಪಕ್ಷದಾಗ ಇರೋದು ಹನ್ನೊಂದು ಮಂದಿ. ಸಭಾಕ್ಕ ಮಂದಿ ಕರಕೊಂಡು ಬಂದವರು ನಾವು.”

“ನೀವೆಲ್ಲಿ ನಿಂತಿದ್ರಿ?”

“ಹಾರ ಭಾಳ ದೊಡ್ಡದಿತ್ತು. ಜೋತು ಬೀಳತೈತಿ, ಹಿಡಕೋರಿ ಅಂದ್ರು. ಈ ತುದಿಗೆ ಕಾಣತೈತಲ್ಲ, ಆ ಕೈ ನಂದು.”

“ನಿಮ್ಮ ಮಾರಿ?”

“ಕತ್ತರಿಸ್ಯಾರ. ಸಾಕು ಈ ಮೈತ್ರಿ, ನಾವು ಬ್ಯಾರೇನ ನಿಲ್ಲೂಣು.”

“ವೋಟು ಒಡದ್ರ ದಿಲ್ಲಿ ಆಳೋ ರಾಷ್ಟ್ರವಾದಿಗಳ ಇಲ್ಲೂ ಆರಿಸಿ ಬರ್ತಾರ.”

“ಬರ್ಲಿ. ಶ್ರೀಪಾಲನ ಮಾರಿ ಹೆಂಗಾಗತೈತಿ ನೋಡೂಣು.”

“ಅಣ್ಣಾ, ನಿನ್ನಿ ಮಟಾ ಆ ರಾಷ್ಟ್ರವಾದಿಗಳ ವಿರುದ್ಧ ಘೋಷಣಾ ಕೂಗಿದವರು ನೀವ ಏನ್ರಿ?”

ಬಸ್ಸು ಬಂತು. ವಯಸ್ಸಾದವರು ಫೋಟೋದಲ್ಲಿ ತಮ್ಮ ಕೈ ಇದ್ದ ಕಡೆ ಮಡಿಕೆ ಬೀಳದಂತೆ ಪೇಪರು ಮಡಚಿಕೊಂಡು ಹತ್ತಿದರು.