ಧೂಳಮ್ಮನ ಹನ್ನೊಂದು ಚೀಟಿಗಳು

ಬಸವಕಲ್ಯಾಣದ ನಮ್ಮ ಚರ್ಚಿನ ಸಹೋದರ ಸಹೋದರಿಯರೇ, ಸಭಾಪಾಲಕರೇ, ಹುಮನಾಬಾದಿನಿಂದ ಪಾಳಿ ಬಿಟ್ಟು ಬಂದಿರುವ ಕಾರ್ಖಾನೆಯ ಗೆಳತಿಯರೇ — ಎಲ್ಲರಿಗೂ ವಂದನೆಗಳು. ಧೂಳಮ್ಮನ ಯಜಮಾನರು ನರಸಿಂಗಣ್ಣ, ಮಗಳು ಮನೀಷಾ ಮುಂದೆಯೇ ಕುಳಿತಿದ್ದಾರೆ. ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ ಎಂದು ನಾನು ಹೇಳಬೇಕು. ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು — ನನಗೆ ಧೂಳಮ್ಮನ ಮೇಲೆ ಹೊಟ್ಟೆಕಿಚ್ಚು ಇತ್ತು. ಈಗಲೂ ಇದೆ. ಬಾಗಿಲಿನವರೆಗೆ ನಿಂತಿರುವ ನಿಮ್ಮನ್ನು ನೋಡಿ, ನಾನು ಸತ್ತರೆ ಇಷ್ಟು ಮಂದಿ ಬರುತ್ತಾರೇನು ಎಂದು ಈಗಷ್ಟೇ ಯೋಚಿಸಿದೆ.

ನಾನು ಗಂಗುಬಾಯಿ. ಹುಮನಾಬಾದಿನ ಔಷಧ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕಿ. ಧೂಳಮ್ಮ ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಹದಿನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ಮೇಲ್ವಿಚಾರಕಿ ನಾನು — ಆದರೆ ಊಟದ ಹೊತ್ತಿಗೆ ಹೆಣ್ಣುಮಕ್ಕಳೆಲ್ಲ ಡಬ್ಬಿ ಹಿಡಿದುಕೊಂಡು ಅವಳ ಸುತ್ತ! ಮೀನಾಜ್, ನೀನೂ ಅಲ್ಲೇ ಇರುತ್ತಿದ್ದೆ. ತಲೆ ತಗ್ಗಿಸಬೇಡವ್ವಾ.

ಚರ್ಚಿನಲ್ಲೂ ಅದೇ ಹಣೆಬರಹ. ಭಾನುವಾರ ಸಾಕ್ಷಿ ಹೇಳುವ ಹೊತ್ತಿನಲ್ಲಿ ನಾನು ಎದ್ದು ದೊಡ್ಡ ದೊಡ್ಡ ಉಪಕಾರಗಳಿಗೆ ದೇವರನ್ನು ಸ್ತುತಿಸುತ್ತಿದ್ದೆ — ಬಡ್ತಿ ಸಿಕ್ಕಿದ್ದು, ಮನೆಗೆ ಸ್ಲ್ಯಾಬ್ ಹಾಕಿಸಿದ್ದು. ನೀವು ಆಮೆನ್ ಅನ್ನುತ್ತಿದ್ದಿರಿ. ಹಾಂ, ಅರ್ಧ ಬಾಯಿ ತೆರೆದು. ಆಮೇಲೆ ಧೂಳಮ್ಮ ಏಳುತ್ತಿದ್ದಳು, ಹೀಗೆ ಸೆರಗು ಸರಿ ಮಾಡಿಕೊಂಡು. "ಈ ವಾರ ಬಸ್ಸಿನ್ಯಾಗ ಎರಡು ದಿನ ಕಿಟಕಿ ಸೀಟ್ ಸಿಕ್ತು. ಸ್ತೋತ್ರ." ಅಷ್ಟೇ! ಅದಕ್ಕೆ ನಿಮ್ಮ ಆಮೆನ್ ರಸ್ತೆಯವರೆಗೆ ಕೇಳುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ಬೇಸಿಗೆಯಲ್ಲಿ ಅವಳ ಕಿಡ್ನಿ ಕೈಕೊಟ್ಟವು. ಕೆಲಸ ತಪ್ಪಿತು, ಬಸ್ಸು ತಪ್ಪಿತು, ಚರ್ಚೂ ತಪ್ಪಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಮಂಚ. ನೋಡಲು ಹೋದಾಗ ನನ್ನ ಕೈಯಲ್ಲಿ ಮಡಚಿದ ಒಂದು ಚೀಟಿ ಇಟ್ಟಳು.

"ಅಕ್ಕಾ, ನಂಗ ಬರಾಕ ಆಗಲ್ಲ. ಐತ್ವಾರ ನನ್ನ ಸಾಕ್ಷಿ ನೀನ ಓದ್ತೀ ಏನು? ಮಂದಿ ಆಮೆನ್ ಅಂದ್ರ ನಂಗ ಇಲ್ಲೇ ಮುಟ್ತದ."

ಓದುತ್ತೇನೆ ಎಂದೆ. ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಓದಲಿಲ್ಲ.

ಚೀಟಿ ಬೈಬಲ್ಲಿನೊಳಗೇ ಇತ್ತು. ಎದ್ದು ನಿಂತವಳು ನನ್ನದೇ ಸಾಕ್ಷಿ ಹೇಳಿ ಕುಳಿತೆ. ಒಂದು ವಾರವಾದರೂ ತುಂಬು ಬಾಯಿಯ ಆಮೆನ್ ನನಗೆ ಸಿಗಲಿ, ಮಂಚದಲ್ಲಿ ಮಲಗಿದವಳಿಗೂ ಅದು ಬೇಕೇನು — ಹೀಗಿತ್ತು ನನ್ನ ಮನಸ್ಸು. ಆ ಒಂದು ವಾರ ಹನ್ನೊಂದು ವಾರವಾಯಿತು. ಪ್ರತಿ ಶನಿವಾರ ಹೋಗುತ್ತಿದ್ದೆ, ಚೀಟಿ ತರುತ್ತಿದ್ದೆ, ಬಿಚ್ಚಿಯೂ ನೋಡುತ್ತಿರಲಿಲ್ಲ. ಮತ್ತೆ ಯಾಕೆ ಹೋಗುತ್ತಿದ್ದೆ? ಕೇಳಬೇಡಿ, ನನಗೇ ತಿಳಿಯದು. "ಮಂದಿ ಏನಂದ್ರಕ್ಕಾ?" ಎಂದು ಮೊದಲ ಎರಡು ವಾರ ಕೇಳಿದಳು. "ಆಮೆನ್ ಅಂದ್ರು" ಎಂದೆ. ಮೂರನೆಯ ವಾರದಿಂದ ಕೇಳುವುದನ್ನು ಬಿಟ್ಟಳು. ಸದ್ಯ, ಪೀಡೆ ತಪ್ಪಿತು ಅಂದುಕೊಂಡೆ.

ಮೊನ್ನೆ ಮಣ್ಣು ಕೊಟ್ಟು ಮನೆಗೆ ಹೋದವಳು ಹನ್ನೊಂದನ್ನೂ ಬಿಚ್ಚಿದೆ. ಇವೇ ಅವು — ನೋಡಿ. ಇದು ಮೊದಲನೆಯದು: "ಸೂಜಿ ಚುಚ್ಚೋ ಸಿಸ್ಟರ್ ಕೈ ಬೆಚ್ಚಗಿತ್ತು. ಸ್ತೋತ್ರ." ಇದು ನಾಲ್ಕನೆಯದು: "ನೀರು ಕುಡಿಯಂಗಿಲ್ಲ ಅಂದಾರ. ಒಂದು ತುಂಡು ಬರ್ಫ ಬಾಯಾಗ ಇಟ್ಕೊಂಡೆ, ಲಗೂನ ಕರಗಲಿಲ್ಲ. ಸ್ತೋತ್ರ." ಇದು — ನರಸಿಂಗಣ್ಣ, ನೀವು ಕೇಳಬೇಕು — "ನಮ್ಮನಿಯವ್ರು ಉಪ್ಪಿಲ್ಲದ ಪಲ್ಯಾ ಮಾಡಿ ತಾವೂ ಅದನ್ನ ಉಂಡ್ರು. ಮಾರಿ ಸೊಟ್ಟ ಮಾಡಲಿಲ್ಲ. ಸ್ತೋತ್ರ."

ದೇವರ ಮುಂದೆ ಸುಳ್ಳು ಹೇಳುವುದಿಲ್ಲ, ಇವನ್ನು ಓದುವಾಗಲೂ ನನಗೆ ಹೊಟ್ಟೆ ಉರಿಯಿತು. ಇಂಥದ್ದೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಎರಡು ಕಣ್ಣು ನನಗೂ ಇವೆ, ನನಗೆ ಯಾಕೆ ಬೀಳಲಿಲ್ಲ?

ಹನ್ನೊಂದನೆಯದು ಧೂಳಮ್ಮನ ಅಕ್ಷರವಲ್ಲ. ಮಗಳ ಕೈಯಲ್ಲಿ ಬರೆಸಿದ್ದಾಳೆ. ಮನೀಷಾ, ಇದನ್ನು ಬರೆದವಳು ನೀನು. ಬರೆದ ಮೇಲೂ ನನಗೆ ಚಹಾ ಮಾಡಿ ಕೊಟ್ಟೆ. — ಓದುತ್ತೇನೆ.

"ಗಂಗಕ್ಕ ನನ್ನ ಚೀಟಿ ಚರ್ಚಿನ್ಯಾಗ ಓದಲ್ಲ ಅಂತ ನಂಗ ಗೊತ್ತದ. ಆದ್ರೂ ಪ್ರತಿ ಶನಿವಾರ ಬರ್ತಾಳ. ಅರ್ಧ ತಾಸು ನನ್ನ ಬಾಜೂಕ ಕುಂದ್ರತಾಳ. ಅದಕ್ಕ ಸ್ತೋತ್ರ."



ಕ್ಷಮಿಸಿ. ಸ್ವಲ್ಪ ತಡೆಯಿರಿ.

ನಿಮ್ಮ ಬಾಯಿಂದ ಅವಳಿಗೆ ಮುಟ್ಟಬೇಕಾದದ್ದನ್ನು ನಾನು ನಡುವೆ ನಿಂತು ತಡೆದೆ. ಅದಕ್ಕೆ ನಿಮ್ಮೆಲ್ಲರನ್ನೂ ಬೇಡಿಕೊಳ್ಳುತ್ತೇನೆ — ದಯವಿಟ್ಟು ಎದ್ದು ನಿಲ್ಲಿ. ಮೀನಾಜ್, ನೀನು ನಿನ್ನ ರೀತಿಯಲ್ಲಿ ದುವಾ ಮಾಡು. ಉಳಿದವರು ಎರಡು ನಿಮಿಷ ಸದ್ದಿಲ್ಲದೆ, ಮನಸ್ಸಿನಲ್ಲೇ, ಅವಳಿಗೆ ಆಮೆನ್ ಅನ್ನಿ. ಹತ್ತು ಚೀಟಿಗೆ ನೀವು ಅನ್ನಿ. ಹನ್ನೊಂದನೆಯದಕ್ಕೆ ನಾನೇ ಅನ್ನಬೇಕು.

ಏಳಿ.