ಎನಕ್ ಎಜ್ರಾ ಆರಿಸಿದ ರೈಫಲ್ ಕುರಿತು

ನನ್ನ ಹೆಸರು ಮೈರಾ ಎಜ್ರಾ, ಗಂಡ ದಿವಂಗತ ಎನಕ್ ಎಜ್ರಾ, ವಯಸ್ಸು 54 ವರ್ಷ, ಗ್ವಿಚಿನ್ ಜನಾಂಗ, ಉದ್ಯೋಗ ಮೀನು ಒಣಗಿಸುವುದು ಮತ್ತು ಚರ್ಮದ ಹೊಲಿಗೆ, ವಾಸ ಲೂನ್ ಬೆಂಡ್ ಗ್ರಾಮ, ಪೊರ್ಕ್ಯುಪೈನ್ ನದಿ ದಂಡೆ, ಅಲಾಸ್ಕ. ನನ್ನ ಮೈದುನ ಸೈಲಸ್ ಎಜ್ರಾ ಕೊಟ್ಟ ದೂರಿನ ಬಗ್ಗೆ ಪೊಲೀಸರಾದ ತಾವು ವಿಚಾರಿಸಲಾಗಿ, ಕಂಡದ್ದನ್ನು ಕಂಡ ಹಾಗೆ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡನ ಹಳೆಯ ರೈಫಲ್‌ನ ನಳಿಗೆ ತುಕ್ಕು ತಿಂದು ಹಾಳಾಗಿತ್ತು. ಅವರ ಬಲಗಣ್ಣೂ ಮಸುಕಾಗಿತ್ತು. ಕಣ್ಣಿನ ವಿಷಯ ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಈ ವರ್ಷ ಆಗಸ್ಟ್ ತಿಂಗಳಲ್ಲಿ ಅವರು, ನಾನು ಮತ್ತು ಸೈಲಸ್ ಹೊಸ ರೈಫಲ್ ಕೊಳ್ಳಲು ಊರಿನ ಅಂಗಡಿಗೆ ಹೋದೆವು. ಮನೆಯಲ್ಲಿ ಒಂದೇ ರೈಫಲ್ ಇರುವುದರಿಂದ ಹಕ್ಕಿಗೂ, ಮೂಸ್ ಎಂಬ ದೊಡ್ಡ ಕಡವೆಗೂ, ಕರಡಿಗೂ ಅದೇ ಆಗಬೇಕಿತ್ತು. ಸೈಲಸ್ ದುರ್ಬೀನು ಕೂರಿಸಿದ ಒಂದು ದೊಡ್ಡ ರೈಫಲ್ ತೋರಿಸಿ, "ಅಣ್ಣ, ಇದನ್ನ ತಗೋ. ಕರಡಿ ಎದುರಿಗೆ ಬಂದ್ರೆ ಒಂದೇ ಏಟಿಗೆ ಮಲಗಿಸುತ್ತೆ. ಆ ಚಿಕ್ಕದು ಮೊಲ ಹೆದರಿಸೋಕೆ ಸರಿ" ಎಂದು ಹೇಳಿದನು.

ನನ್ನ ಗಂಡ ಎರಡನ್ನೂ ನನ್ನ ಕೈಗೆ ಕೊಟ್ಟು ಎತ್ತಿ ಹಿಡಿಯಲು ಹೇಳಿದರು. ದೊಡ್ಡದರ ನಳಿಗೆ ನನ್ನ ಕೈಯಲ್ಲಿ ನೆಲದ ಕಡೆ ಬಾಗಿತು. ಚಿಕ್ಕದು ಬಾಗಲಿಲ್ಲ. ಚಿಕ್ಕದು ಥರ್ಟಿ-ಥರ್ಟಿ ಅಳತೆಯದು, ಕೈಹಿಡಿಯ ಕೆಳಗಿನ ಸನ್ನೆಕೋಲನ್ನು ಎಳೆದು ಗುಂಡು ಏರಿಸುವಂಥದ್ದು. ಅದರ ಗುಂಡು ನದಿಯುದ್ದಕ್ಕೂ ಯಾವ ಗುಡಿಸಿಲಿನಲ್ಲಿ ಕೇಳಿದರೂ ಸಿಗುತ್ತದೆ. "ದುರ್ಬೀನು ಮಂಜು ಹಿಡಿದ್ರೆ ನಾನೇನು ಆಕಾಶ ನೋಡ್ತಾ ಕೂರಲಾ? ನಾನು ಬಿದ್ದ ದಿನ ಬಂದೂಕು ಎತ್ತೋಳು ಇವಳು. ಇವಳಿಗೆ ಎತ್ತೋಕಾಗದ್ದು ನಂಗೆ ಯಾಕೆ?" ಎಂದು ಅವರು ಕೇಳಿದರು. ಸೈಲಸ್ ನಕ್ಕು, "ಸರಿ ಹಾಗಾದ್ರೆ, ಅತ್ತಿಗೆ ಬೇಟೆಗೆ ಹೋಗ್ಲಿ, ನೀನು ಒಲೆ ಹತ್ರ ಕೂತ್ಕೋ" ಎಂದನು. ನನ್ನ ಗಂಡ, "ಒಲೆ ಹತ್ರ ಬೆಚ್ಚಗಿರುತ್ತೆ ಕಣೋ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಚಿಕ್ಕದನ್ನೇ ಕೊಂಡೆವು.

ದಿನಾಂಕ 14-9-1984ರಂದು ಬೆಳಿಗ್ಗೆ ಸುಮಾರು 8 ಗಂಟೆಗೆ ನಾವಿಬ್ಬರೂ ಮೂಸ್ ಬೇಟೆಗೆಂದು ದೋಣಿಯಲ್ಲಿ ನದಿಯ ಮೇಲ್ಭಾಗಕ್ಕೆ ಹೊರಟೆವು. ಸುಮಾರು ನಲವತ್ತು ಮೈಲಿ ಹೋದ ಮೇಲೆ, ಮಧ್ಯಾಹ್ನ, ಒಂದು ತಿರುವಿನಲ್ಲಿ ಇಂಜಿನ್ ನಿಂತುಹೋಯಿತು. ಸೆಳವು ದೋಣಿಯನ್ನು ಅಡ್ಡಲಾಗಿ ತಳ್ಳಿ, ನೀರಿಗೆ ಬಿದ್ದಿದ್ದ ಒಂದು ಸ್ಪ್ರೂಸ್ ಮರಕ್ಕೆ ಅಪ್ಪಳಿಸಿತು. ನನ್ನ ಗಂಡನ ಎದೆ ದೋಣಿಗೂ ಮರಕ್ಕೂ ನಡುವೆ ಸಿಕ್ಕಿತು. ದೋಣಿ ಮಗುಚಿತು. ನಾನು ಅವರನ್ನು ಕೋಟಿನ ಕೊರಳಪಟ್ಟಿ ಹಿಡಿದು ಮರಳದಿಬ್ಬಕ್ಕೆ ಎಳೆದೆನು. ಅವರ ಪಕ್ಕೆಲುಬು ಮುರಿದದ್ದು ಆ ಮರಕ್ಕೆ ಸಿಕ್ಕಾಗಲೇ. ಕೊಡಲಿ, ಕಂಬಳಿ, ಕೆಟಲ್, ಗುಂಡಿನ ಚೀಲ ಎಲ್ಲವೂ ನೀರುಪಾಲಾದವು. ರೈಫಲ್ ಅವರ ಬೆನ್ನಿಗಿತ್ತು, ಅದರೊಳಗೆ ಏಳು ಗುಂಡುಗಳಿದ್ದವು. ನನ್ನ ಸೊಂಟದಲ್ಲಿ ಚಾಕು, ಅವರ ಜೇಬಿನಲ್ಲಿ ಮೇಣ ಹಚ್ಚಿದ ಡಬ್ಬಿಯಲ್ಲಿ ಬೆಂಕಿಕಡ್ಡಿ ಇದ್ದವು. ನಾನು ಬೆಂಕಿ ಹಾಕುವ ಮೊದಲೇ ಅವರು ನಳಿಗೆಯ ನೀರು ಬಸಿದು ಒರೆಸುವಂತೆ ಹೇಳಿದರು.

ಮರುದಿನ ಒಂದು ಕಾಡುಕೋಳಿ ಕೊಂಬೆಯ ಮೇಲೆ ಕೂತಿತ್ತು. "ತಲೆಗೆ ಹೊಡಿ, ಇಲ್ಲಾಂದ್ರೆ ಪುಕ್ಕ ಮಾತ್ರ ತಿನ್ನಬೇಕಾಗುತ್ತೆ" ಎಂದು ಅವರು ಹೇಳಿದಂತೆ ಹೊಡೆದೆನು. ಅವರು ಎರಡು ತುತ್ತು ತಿಂದರು.

ದಿನಾಂಕ 16ರಂದು ಬೆಳಿಗ್ಗೆ ಒಂದು ಕಂದು ಕರಡಿ ದಂಡೆಯ ಪೊದೆಯಿಂದ ಹೊರಬಂದು ನಮ್ಮ ಕಡೆ ನಡೆಯಿತು. ಅವರಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಮಲಗಿದ್ದಲ್ಲಿಂದಲೇ ನನ್ನ ಕಾಲಿನ ಗಂಟು ಹಿಡಿದುಕೊಂಡು, "ಉಸಿರು ಬಿಡು. ಇನ್ನೂ ಬರಲಿ. ಇನ್ನೂ. ಈಗ ಹೊಡಿ" ಎಂದರು. ಮೂರು ಗುಂಡು ಹೊಡೆದೆನು. ಕರಡಿ ನಮ್ಮಿಂದ ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಿ ಬಿದ್ದು ಸತ್ತಿತು. ಅದು ನನ್ನ ಗಂಡನನ್ನು ಮುಟ್ಟಲಿಲ್ಲ. ಅವರ ಮೈಮೇಲೆ ಉಗುರಿನ ಗಾಯ ಒಂದೂ ಇಲ್ಲ, ಡಾಕ್ಟರು ನೋಡಬಹುದು. ಅವರು, "ಸೈಲಸ್‌ಗೆ ಹೇಳು, ಮೊಲ ಸ್ವಲ್ಪ ದೊಡ್ಡದಿತ್ತು ಅಂತ" ಎಂದು ನಕ್ಕರು. ನಕ್ಕಾಗ ಬಾಯಿಂದ ರಕ್ತ ಬಂದಿತು.

ಚರ್ಮ ಸುಲಿದು ಅವರಿಗೆ ಹೊದಿಸಿದೆನು. ಕರಡಿಯ ಕೊಬ್ಬನ್ನು ಬೆಂಕಿಕಡ್ಡಿಯ ತಗಡಿನ ಡಬ್ಬಿಯಲ್ಲಿ ಕರಗಿಸಿ ಬಾಯಿಗೆ ಬಿಟ್ಟರೂ ಒಳಗೆ ಹೋಗಲಿಲ್ಲ. ಸಂಜೆ ಅವರು, "ಉಳಿದಿರೋ ಮೂರು ಮುಟ್ಟಬೇಡ. ಇಂಜಿನ್ ಸದ್ದು ಕೇಳಿದ್ಮೇಲೆ ಒಂದರ ಹಿಂದೆ ಒಂದು ಹೊಡಿ. ಮೂರು ಕೇಳಿದ್ರೆ ಯಾರಿದ್ರೂ ಬರ್ತಾರೆ" ಎಂದು ಹೇಳಿದರು. ಆಮೇಲೆ, "ಏನಾದ್ರೂ ಮಾತಾಡ್ತಾ ಇರೇ" ಎಂದರು. ಯಾವ ಬಲೆ ಹರಿದಿದೆ, ಯಾವ ನಾಯಿಗೆ ವಯಸ್ಸಾಯಿತು ಎಂದೆಲ್ಲ ಹೇಳುತ್ತಿದ್ದೆನು. ದಿನಾಂಕ 17ರ ಬೆಳಗಿನ ಜಾವ ನಾನು ಮಾತಾಡುತ್ತಿರುವಾಗಲೇ ಅವರು ತೀರಿಕೊಂಡರು. ಅದು ನನಗೆ ತಕ್ಷಣ ಗೊತ್ತಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಮಾತಾಡಿದೆನು.

ಬೆಳಕಾದ ಮೇಲೆ ಕಾಡುಕಾಗೆಗಳು ಬಂದವು. ಮೊದಲು ಕರಡಿಯ ಮೇಲೆ ಕೂತವು. ನಾನು ಸೌದೆಗೆ ಹೋಗಿ ತಿರುಗಿ ನೋಡಿದಾಗ ಎರಡು ಕಾಗೆ ನನ್ನ ಗಂಡನ ಮುಖದ ಹತ್ತಿರ ಇದ್ದವು. ಕೂಗಿದೆನು, ಕಲ್ಲೆಸೆದೆನು. ಅವು ಒಂದು ಹೆಜ್ಜೆ ಸರಿದು ಮತ್ತೆ ಬಂದವು. ಆಗ ಒಂದು ಗುಂಡು ಹೊಡೆದೆನು. ಕಾಗೆಗಳು ಹೋದವು. ಆಮೇಲೆ ಸ್ಪ್ರೂಸ್ ಕೊಂಬೆ ಕಡಿದು ಅವರ ಮುಖ ಮುಚ್ಚಿದೆನು.

ಮಧ್ಯಾಹ್ನ ನದಿಯ ಕೆಳಗಡೆಯಿಂದ ಇಂಜಿನ್ ಸದ್ದು ಕೇಳಿಸಿತು. ಎರಡು ಗುಂಡು ಹೊಡೆದೆನು. ಸದ್ದು ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ನಾನು ಬೆಂಕಿಗೆ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಿದೆನು. ಕೊನೆಗೆ ದೋಣಿ ಬಂದಿತು. ಅದರಲ್ಲಿ ಸೈಲಸ್ ಇದ್ದನು. "ಅತ್ತಿಗೆ, ಎರಡೇ ಕೇಳಿಸ್ತು. ಮೂರನೇದಕ್ಕೆ ಇಂಜಿನ್ ಆರಿಸಿ ಕಾಯ್ತಾ ಕೂತಿದ್ದೆ. ಬರಲಿಲ್ಲ. ಯಾರೋ ಬೇಟೆ ಹೊಡೆದಿರ್ಬೇಕು ಅಂತ ದೋಣಿ ತಿರುಗಿಸಿದೆ, ಆಮೇಲೆ ಹೊಗೆ ಕಾಣಿಸ್ತು. ಮೂರನೇ ಗುಂಡು ಎಲ್ಲಿ?" ಎಂದು ಕೇಳಿದನು. ಅದು ಎಲ್ಲಿ ಹೋಯಿತೆಂದು ಹೇಳಿದೆನು. ಅವನು ಟೋಪಿ ತೆಗೆದು ಅಣ್ಣನ ಪಕ್ಕದಲ್ಲಿ ಕುಳಿತನು. ಕರಡಿಯ ಮಾಂಸ ತರೋಣವೆಂದರೆ, ಅದನ್ನು ದೋಣಿಗೆ ಹಾಕಲು ಒಪ್ಪಲಿಲ್ಲ.

ರೈಫಲ್ ಚಿಕ್ಕದಾದ್ದರಿಂದ ಕರಡಿ ಅಣ್ಣನ ಮೇಲೆ ಬಿದ್ದು ಎದೆ ಮುರಿಯಿತೆಂದೂ, ಅದನ್ನು ಕೊಳ್ಳಲು ನಾನೇ ಕಾರಣಳೆಂದೂ ಸೈಲಸ್ ದೂರಿದ್ದಾನೆಂದು ತಾವು ಓದಿ ಹೇಳಿದಿರಿ. ಅದು ನಿಜವಲ್ಲ. ನೀರಿನಲ್ಲಿ ಮುಳುಗಿ ಎದ್ದ ಮೇಲೂ ಏಳಕ್ಕೆ ಏಳು ಗುಂಡೂ ಹಾರಿದವು. ಸೈಲಸ್ ಮೇಲೆ ನನಗೆ ಕೋಪವಿಲ್ಲ. ಅವನ ಅಣ್ಣ ಸತ್ತಿದ್ದಾನೆ, ಅವನು ಯಾವುದಾದರೂ ಒಂದರ ಮೇಲೆ ತಪ್ಪು ಹೊರಿಸಬೇಕು. ನದಿಯ ಮೇಲೆ ಹೊರಿಸಿದರೆ ನಾಳೆಯಿಂದ ಅವನು ಮೀನಿಗೆ ಹೋಗುವುದು ಹೇಗೆ? ಸದ್ಯಕ್ಕೆ ರೈಫಲ್ ಮೇಲೆಯೇ ಇರಲಿ. ಆದರೆ ತಾವು ವಶಪಡಿಸಿಕೊಂಡಿರುವ ಆ ರೈಫಲನ್ನು ನದಿ ಹೆಪ್ಪುಗಟ್ಟುವುದರೊಳಗೆ ನನಗೆ ಹಿಂದಿರುಗಿಸಬೇಕೆಂದು ಕೇಳಿಕೊಳ್ಳುತ್ತೇನೆ. ಈ ಚಳಿಗಾಲಕ್ಕೆ ಮನೆಯಲ್ಲಿ ಮಾಂಸವಿಲ್ಲ.

ಈ ಹೇಳಿಕೆಯನ್ನು ನನಗೆ ನನ್ನ ಭಾಷೆಯಲ್ಲಿ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ, ಸೇರಿಸುವುದು ಬಿಡುವುದು ಏನೂ ಇಲ್ಲ, ಎಲ್ಲವೂ ಸತ್ಯ.

ಸ್ಥಳ: ಲೂನ್ ಬೆಂಡ್
ದಿನಾಂಕ: 21-9-1984
ಸಹಿ: ಮೈರಾ ಎಜ್ರಾ